ಆಲೆಮನೆಯ ಸಮಪಾಲು

ತಪ್ಪು ನನ್ನದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಸಿಂಧಘಟ್ಟದಲ್ಲಿ ಈ ಕಥೆ ಹೇಳುವವರೆಲ್ಲ "ಶಿವಣ್ಣನ್ ಮಗಳು ಪ್ರಮೀಳಾ ಪಾಲು ಕೇಳಕ್ಕೆ ಬಂದಿದ್ಲಲ್ಲ, ಆವತ್ತು..." ಎಂದೇ ಶುರು ಮಾಡುತ್ತಾರೆ. ನಾನು ಪಾಲು ಕೇಳಲು ಬಂದಿರಲಿಲ್ಲ ಸ್ವಾಮಿ! ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಯೊಂದನ್ನು ಹುಡುಕಿಕೊಂಡು ಬಂದಿದ್ದೆ. ಅದನ್ನು ಪಾಲು ಮಾಡಿ ಊರಿಗೆಲ್ಲ ಹಂಚಿದವನು ಕೆಂಪಣ್ಣ. ಊರಿನಲ್ಲಿ ಫೋನಿದ್ದ ಅಂಗಡಿ ಅವನದೊಂದೇ.

ಅದು ತೊಂಬತ್ನಾಲ್ಕನೇ ಇಸವಿ. ನಾನು ಮೈಸೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ, ಯೀಸ್ಟಿನ ಮೇಲೆ. ಒಂದು ಜೀವಕೋಶ ಯಾವಾಗ ಒಡೆದು ಎರಡಾಗಬೇಕು ಎಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ? ಇದನ್ನು ಮನುಷ್ಯರ ಮೈಯಲ್ಲಿ ನೋಡುತ್ತ ಕೂರುವುದು ಕಷ್ಟ. ಯೀಸ್ಟಿನಲ್ಲಿ ನೋಡಬಹುದು, ಅದೂ ನಮ್ಮ ಹಾಗೆಯೇ ಒಡೆಯುತ್ತದೆ, ಸಾಕುವುದು ಸುಲಭ, ಬೈದರೆ ತಿರುಗಿ ಮಾತಾಡುವುದಿಲ್ಲ. ನಮ್ಮ ಲ್ಯಾಬಿನಲ್ಲಿ ಎಲ್ಲರೂ ಬ್ರೆಡ್ಡು ಉಬ್ಬಿಸುವ ಯೀಸ್ಟನ್ನೇ ಕಟ್ಟಿಕೊಂಡಿದ್ದರು. ಅದು ಮೊಗ್ಗು ಬಿಡುತ್ತದೆ. ತಾಯಿ ದೊಡ್ಡದು, ಪಕ್ಕಕ್ಕೆ ಅಂಟಿಕೊಂಡ ಮಗಳು ಚಿಕ್ಕದು. ನನಗೆ ಅದರ ಮೇಲೆ ಮನಸ್ಸೇ ಬರಲಿಲ್ಲ. ನನಗೆ ಬೇಕಾಗಿದ್ದದ್ದು ಬೇರೆ ಜಾತಿಯ ಯೀಸ್ಟು. ಅದು ಕಡ್ಡಿಯ ಹಾಗೆ ಉದ್ದಕ್ಕೆ ಬೆಳೆದು, ಸರಿಯಾಗಿ ನಡುವಿಗೊಂದು ಗೋಡೆ ಎಬ್ಬಿಸಿಕೊಂಡು, ಸಮ ಸಮವಾಗಿ ಎರಡಾಗುತ್ತದೆ. ಅಮ್ಮ ಯಾರು ಮಗಳು ಯಾರು ಎಂಬ ತಂಟೆಯೇ ಇಲ್ಲ.

ಅದರ ಶಾಸ್ತ್ರದ ಹೆಸರಿನಲ್ಲಿ ಪೊಂಬೆ ಎಂಬ ಪದ ಬರುತ್ತದೆ. ಆಫ್ರಿಕಾದ ಕಡೆ ಹೆಂಡಕ್ಕೆ ಹಾಗನ್ನುತ್ತಾರಂತೆ, ಮೊದಲು ಸಿಕ್ಕಿದ್ದು ಆ ಹೆಂಡದಲ್ಲಿಯೇ. ಮಗಳು ಮೈಸೂರಿನಲ್ಲಿ ಹೆಂಡದ ಮೇಲೆ ಓದುತ್ತಿದ್ದಾಳೆ ಎಂದು ನಮ್ಮಪ್ಪನಿಗೆ ಗೊತ್ತಾದರೆ ಓದು ಅಲ್ಲಿಗೇ ನಿಂತಂತೆ. ಅದಕ್ಕೇ ಅವ್ವನ ಹತ್ತಿರ ಹೇಳುವಾಗ ನಾನೇ ಅದಕ್ಕೊಂದು ಹೆಸರಿಟ್ಟಿದ್ದೆ, ಸಮಪಾಲು ಅಂತ.

ಈ ಸಮಪಾಲು ನನಗೆ ಸಿಕ್ಕಿದ್ದು ಎಲ್ಲಿ ಗೊತ್ತೆ? ನಮ್ಮದೇ ಆಲೆಮನೆಯಲ್ಲಿ! ಗಾಣದಿಂದ ಬಂದ ಕಬ್ಬಿನ ಹಾಲು ಕೊಪ್ಪರಿಗೆಗೆ ಹೋಗುವ ಮುಂಚೆ ಒಂದು ಹಲಸಿನ ಮರದ ತೊಟ್ಟಿಯಲ್ಲಿ ನಿಲ್ಲುತ್ತಿತ್ತು. ತಾತನ ಕಾಲದ ತೊಟ್ಟಿ. ಅದರ ಬಿರುಕುಗಳಲ್ಲಿ ನಿಂತ ಮಡ್ಡಿಯನ್ನು ಹಿಂದಿನ ವರ್ಷ ರಜಕ್ಕೆ ಬಂದಾಗ ಸುಮ್ಮನೆ ಕೆರೆದುಕೊಂಡು ಹೋಗಿದ್ದೆ. ಮೈಕ್ರೋಸ್ಕೋಪಿನಲ್ಲಿ ಇಟ್ಟು ನೋಡಿದರೆ ಕಡ್ಡಿ ಕಡ್ಡಿಯಾಗಿ, ನಡುವಿಗೆ ಗೋಡೆ ಕಟ್ಟಿಕೊಂಡು ಕೂತಿದ್ದವು. ಲ್ಯಾಬಿನಲ್ಲೇ ಕುಣಿದಿದ್ದೆ. ಹೊರಗಿನಿಂದ ತರಿಸಿದ ಪೊಂಬೆ ಸ್ವಲ್ಪ ಸೆಕೆಯಾದರೆ ಒಡೆಯುವುದನ್ನು ನಿಲ್ಲಿಸಿ ಮುಷ್ಕರ ಹೂಡುತ್ತಿತ್ತು. ಬೆಲ್ಲದ ಒಲೆಯ ಪಕ್ಕ ಬೆಳೆದ ನಮ್ಮದು ಕಾವಿಗೆ ಕ್ಯಾರೇ ಅನ್ನುತ್ತಿರಲಿಲ್ಲ. ನನ್ನ ಇಡೀ ಪಿಎಚ್.ಡಿ. ನಿಂತಿದ್ದದ್ದು ಆ ಒಂದು ಹಟದ ಮೇಲೆ.

ಅವ್ವನಿಗೆ ಇದನ್ನೆಲ್ಲ ಹೇಳಿದಾಗ ಅವಳು ಕೇಳಿದ್ದು ಒಂದೇ.

"ಅಂದ್ರೆ ಹೆಪ್ಪಿನ ತರ ಅನ್ನು."

"ಹೂಂ ಕಣವ್ವ, ಹೆಪ್ಪಿನ ತರಾನೇ."

ನಮ್ಮ ಅವ್ವ ಅಣ್ಣಮ್ಮನಿಗೆ ಹೆಪ್ಪು ಅಂದರೆ ತಮಾಷೆಯಲ್ಲ. ದೀಪ ಹಚ್ಚಿದ ಮೇಲೆ ಹೊರಗಿನವರಿಗೆ ಹೆಪ್ಪು ಕೊಟ್ಟವಳಲ್ಲ, ಕೊಟ್ಟರೆ ಮನೆಯ ಲಕ್ಷ್ಮಿ ಹೊರಟುಹೋಗುತ್ತಾಳೆ ಎಂಬುದು ಅವಳ ನಂಬಿಕೆ. ಪಕ್ಕದ ಮನೆಯ ಕುಳ್ಳಮ್ಮ ಸಂಜೆ ಹೊತ್ತು ಲೋಟ ಹಿಡಿದುಕೊಂಡು ಬಂದರೆ "ಬೆಳಿಗ್ಗೆ ಬಾ ಕಣಕ್ಕ" ಎಂದು ಬಾಗಿಲಲ್ಲೇ ಹೇಳಿ ಕಳಿಸುತ್ತಿದ್ದಳು.

ಇಂಥದ್ದರಲ್ಲಿ, ದೀಪಾವಳಿಯ ರಜದಲ್ಲಿ ಮೈಸೂರಿನ ಕರೆಂಟು ಕೈಕೊಟ್ಟಿತು. ರಜ ಮುಗಿಸಿ ಲ್ಯಾಬಿನ ಫ್ರಿಜ್ಜು ತೆರೆದರೆ ನನ್ನ ಸಮಪಾಲಿನ ಸೀಸೆಗಳೆಲ್ಲ ಬೂಷ್ಟು ಹಿಡಿದು ಹಸಿರಾಗಿದ್ದವು. ಒಂದೂ ಉಳಿದಿರಲಿಲ್ಲ. ನನ್ನ ಗೈಡು ನಾಗರಾಜು ಸರ್ ಕನ್ನಡಕ ತೆಗೆದು ಒರೆಸಿದರು. ಅವರು ಕನ್ನಡಕ ಒರೆಸಿದರೆಂದರೆ ಕೆಟ್ಟ ಸುದ್ದಿ ಎಂದೇ ಅರ್ಥ.

"ನಾಡಿದ್ದು ಕಮಿಟಿ ಮುಂದೆ ಕೂತ್ಕೋಬೇಕು ನೀನು. ಜೀವ ಇರೋದನ್ನ ತೋರಿಸಿದ್ರೆ ಸರಿ. ಇಲ್ಲದಿದ್ರೆ ಎಲ್ಲರ ಹಾಗೆ ಬ್ರೆಡ್ ಯೀಸ್ಟಿಗೆ ಬಂದ್ಬಿಡಮ್ಮ. ಮೊದಲಿಂದ ಶುರು ಮಾಡಿದರಾಯ್ತು."

ಮೊದಲಿಂದ ಅಂತೆ! ಹೊಟ್ಟೆ ಉರಿದುಹೋಯಿತು. ಓಡಿಹೋಗಿ ಬೂತಿನಿಂದ ಕೆಂಪಣ್ಣನ ಅಂಗಡಿಗೆ ಫೋನು ಹಚ್ಚಿದೆ. ಲೈನಿನಲ್ಲಿ ಗೊರಗೊರ ಸದ್ದು. ಗಂಟಲು ಹರಿಯುವ ಹಾಗೆ ಕೂಗಿದೆ.

"ಕೆಂಪಣ್ಣ, ಅವ್ವಂಗೆ ಹೇಳು! ನನಗೆ ನಮ್ಮ ಆಲೆಮನೇಲಿರೋ ಸಮಪಾಲು ಬೇಕೇ ಬೇಕು! ಅದಿಲ್ದಿದ್ರೆ ನನ್ನ ಬಾಳು ಹಾಳಾಯ್ತದೆ! ನಾಳೆ ಬರ್ತೀನಿ, ಅಲ್ಲೀವರೆಗೂ ಯಾರೂ ಆಲೆಮನೆ ಮುಟ್ಟಕೂಡದು!"

"ಯಾರೂ ಮುಟ್ಟಕೂಡದಾ?" ಎಂದ ಕೆಂಪಣ್ಣ, ಬಹಳ ಗಂಭೀರವಾಗಿ.

"ಯಾರೂ! ಅಣ್ಣನೂ!"

ಆ ವರ್ಷವೇ ಮದುವೆಯಾಗದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಸಮಪಾಲು ಎಂದು ಸರ್ಕಾರದ ಕಾನೂನು ಬಂದಿತ್ತು. ಪೇಪರಿನಲ್ಲಿ ಬಂದಿತ್ತು, ರೇಡಿಯೋದಲ್ಲಿ ಬಂದಿತ್ತು, ಕೆಂಪಣ್ಣನ ಅಂಗಡಿಯ ಜಗಲಿಯಲ್ಲಿ ದಿನಾ ಬರುತ್ತಿತ್ತು. ಬಾರದೆ ಇದ್ದದ್ದು ನನ್ನ ತಲೆಗೆ ಮಾತ್ರ. ಯೀಸ್ಟಿನ ಧ್ಯಾನದಲ್ಲಿರುವವರಿಗೆ ಸರ್ಕಾರ ಬಿದ್ದರೂ ಗೊತ್ತಾಗುವುದಿಲ್ಲ.

ಮರುದಿನ ಬೆಳಗ್ಗೆ ಬಸ್ಸು ಹತ್ತಿ ಶ್ರೀರಂಗಪಟ್ಟಣ, ಪಾಂಡವಪುರ ಹಾದು ಕೆ.ಆರ್. ಪೇಟೆಗೆ ಬಂದು ಇಳಿದೆ. ಅಲ್ಲಿನ ಕಾಲೇಜಿನಲ್ಲಿ ನನಗೆ ಪಾಠ ಮಾಡಿದ್ದ ನಂಜಪ್ಪ ಮೇಷ್ಟ್ರ ಕಾಲು ಹಿಡಿದು ಹಳೆಯ ಹಿತ್ತಾಳೆ ಮೈಕ್ರೋಸ್ಕೋಪೊಂದನ್ನು ಸಾಲ ಕೇಳಿದೆ. ಸರಿಯಾದ ಮಡ್ಡಿ ಸಿಕ್ಕಿತೇ ಇಲ್ಲವೇ ಎಂದು ಅಲ್ಲೇ ನೋಡಿಕೊಳ್ಳಬೇಕಿತ್ತಲ್ಲ. ಮರದ ಪೆಟ್ಟಿಗೆಯ ಸಮೇತ ಕೊಟ್ಟರು. ಅದನ್ನು ತೊಡೆಯ ಮೇಲಿಟ್ಟುಕೊಂಡು ಸಿಂಧಘಟ್ಟದ ಬಸ್ಸಿನಲ್ಲಿ ಕೂತರೆ ಹಿಂದಿನ ಸೀಟಿನವರು ಪಿಸುಗುಟ್ಟಿದ್ದು ಕಿವಿಗೆ ಬಿತ್ತು.

"ಸರ್ವೆ ಮಿಷನ್ನು ಕಣ್ಲಾ ಅದು. ಅಳೆಯೋ ಸಾಮಾನ್ನ ಜತೇಲೇ ತಂದವ್ಳೆ!"

ಯಾರ ಬಗ್ಗೆಯೋ ಏನೋ ಅಂದುಕೊಂಡು ನಾನು ಕಿಟಕಿಯಾಚೆ ನೋಡಿದೆ.

ಮನೆ ಹೊಕ್ಕರೆ ಎಲ್ಲವೂ ವಿಚಿತ್ರ. ಅಪ್ಪ ಹಬ್ಬದ ಬಿಳಿ ಶರ್ಟು ಹಾಕಿಕೊಂಡು ನಡುಮನೆಯ ಕುರ್ಚಿಯಲ್ಲಿ ಕೂತಿದ್ದರು. ಶೀಳನೆರೆಯಿಂದ ಸೋದರತ್ತೆ ಪುಟ್ಟಲಕ್ಷ್ಮಮ್ಮ ಬಂದು ಚಾಪೆಯ ಮೇಲೆ ಎಲೆಅಡಿಕೆ ಹರವಿಕೊಂಡಿದ್ದಳು. ಅಣ್ಣ ರಘುನಂದನ್ ಕಂಬಕ್ಕೆ ಒರಗಿ ನಿಂತಿದ್ದ, ಮುಖ ಗಂಟು ಹಾಕಿಕೊಂಡು. ಯಾವಾಗಲೂ "ಬಂದ್ಯಾ ಪಮ್ಮಿ" ಅನ್ನುವ ಅತ್ತಿಗೆ "ಬನ್ನಿ, ಕೂತ್ಕೊಳ್ಳಿ" ಎಂದು ಬಹುವಚನದಲ್ಲಿ ಕರೆದು ಸಕ್ಕರೆಯೇ ಇಲ್ಲದ ಕಾಫಿ ತಂದುಕೊಟ್ಟಳು. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಸೆರಗಿನ ತುದಿ ಬಾಯಿಗೆ ಅಡ್ಡ ಹಿಡಿದುಕೊಂಡು.

ಅಪ್ಪ ಗಂಟಲು ಸರಿಮಾಡಿಕೊಂಡರು.

"ಏನಿದ್ರೂ ಎದುರಾಎದುರು ಮಾತಾಡ್ಬುಡಣ. ಯೋಳು ಮಗ. ಎಷ್ಟು ಬೇಕು ನಿಂಗೆ?"

"ಎಷ್ಟೇನಪ್ಪ, ಒಂದು ತೊಟ್ಟು ಸಾಕು."

"ತೊಟ್ಟಾ?"

"ಒಂದು ತೊಟ್ಟು ಕೊಡಿ. ಮಿಕ್ಕಿದ್ದನ್ನ ಮೈಸೂರಲ್ಲಿ ನಾನೇ ಬೆಳೆಸ್ಕೋತೀನಿ."

ಅತ್ತೆ ಎಲೆಗೆ ಸುಣ್ಣ ಹಚ್ಚುವುದನ್ನು ಬಿಟ್ಟು ನನ್ನ ಕಡೆ ತಿರುಗಿದಳು. "ತೊಟ್ಟು ಯಾಕೆ ಕೇಳೀಯಮ್ಮಿ? ಕೇಳಿದ್ಮ್ಯಾಕೆ ನೆಟ್ಟಗೆ ಕೇಳು! ನಾನಿವ್ನಿ ಇಲ್ಲಿ, ಯಾರ್ಗೂ ಎದುರ್ಕಬ್ಯಾಡ!"

"ಜಾಸ್ತಿ ತಗೊಂಡು ಏನ್ಮಾಡ್ಲತ್ತೆ? ಒಂದಿದ್ರೆ ಸಾಕು. ತಾನಾಗೇ ಒಡೆದು ಎರಡಾಗ್ತದೆ."

"ತಾನಾಗೇ ಒಡೀತದಾ?" ಎಂದು ಅಪ್ಪ ಕುರ್ಚಿಯ ತುದಿಗೆ ಸರಿದರು. "ಒಡೆಯೋರು ಯಾರೂ ಇಲ್ವಾ ಅದುನ್ನ?"

"ಯಾರೂ ಏನೂ ಮಾಡಬೇಕಾಗಿಲ್ಲಪ್ಪ. ಮೊದಲು ಉದ್ದಕ್ಕೆ ಬೆಳೀತದೆ. ಆಮೇಲೆ ಸರಿಯಾಗಿ ನಡುವಿಗೆ ಒಂದು ಗೋಡೆ ಬರ್ತದೆ. ಗೋಡೆ ಬಂತು ಅಂದ್ರೆ ಮುಗೀತು. ಆ ಕಡೇದು ಆ ಕಡೆ, ಈ ಕಡೇದು ಈ ಕಡೆ. ನೋಡಕ್ಕೆ ಎಷ್ಟು ಚೆಂದ ಗೊತ್ತಾ!"

ಅಪ್ಪ ತಲೆಯೆತ್ತಿ ನಡುಮನೆಯ ತೊಲೆಯನ್ನು ಈ ತುದಿಯಿಂದ ಆ ತುದಿಯವರೆಗೂ ನೋಡಿದರು. ಗೋಡೆ ಎಲ್ಲಿ ಬರುತ್ತದೆ ಎಂದು ಅಂದಾಜು ಮಾಡುತ್ತಿದ್ದರೆಂದು ನನಗೆ ಆಮೇಲೆ ತಿಳಿಯಿತು. ಆಗ ಮಾತ್ರ, ಪಾಪ, ಅಪ್ಪ ಎಷ್ಟು ಆಸಕ್ತಿಯಿಂದ ಕೇಳುತ್ತಿದ್ದಾರೆ, ವಿಜ್ಞಾನವನ್ನು ಕನ್ನಡದಲ್ಲಿ ಹೇಳಿದರೆ ಯಾರಿಗೂ ಅರ್ಥವಾಗುತ್ತದೆ ಎಂದು ಹಿಗ್ಗಿಬಿಟ್ಟೆ.

"ಆ ಪೆಟ್ಟಿಗೇಲಿ ಏನದೆ?" ಅಣ್ಣ ಮೊದಲ ಸಲ ಬಾಯಿ ತೆರೆದ.

"ಅದಾ? ಅದರಲ್ಲಿ ಇಟ್ಟು ನೋಡಿ ಅಳೆಯೋದು. ಎರಡೂ ಕಡೆ ಸರಿಸಮ ಇದೆಯೋ ಇಲ್ವೋ ಅಂತ."

ಅಣ್ಣ ಹಿತ್ತಲ ಬಾಗಿಲಿನಿಂದ ಹೊರಟುಹೋದ. ಸ್ವಲ್ಪ ಹೊತ್ತಿಗೆ ಟ್ರಾಕ್ಟರು ಗುಡುಗಿಕೊಂಡು ಹೋದ ಸದ್ದು ಕೇಳಿಸಿತು.

"ಗೋಡೆ ಎಷ್ಟೊತ್ಗೆ ಬತ್ತದೆ ಮಗ?" ಎಂದು ಅವ್ವ ಬಾಗಿಲಿಂದ ಕೇಳಿದಳು. ಅವಳ ಭುಜ ಯಾಕೋ ಕುಲುಕುತ್ತಿತ್ತು. ಕೆಮ್ಮು ಬಂದಿರಬೇಕು ಅಂದುಕೊಂಡೆ.

ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ, "ಅತ್ತಿಗೆ, ಆಲೆಮನೆ ಬೀಗದ ಕೈ ಕೊಡಿ. ಬೆಳಕಿರುವಾಗಲೇ ತೊಟ್ಟಿ ನೋಡಬೇಕು" ಎಂದೆ.

"ಬೀಗ ಯಾಕೆ ಬುಡಿ, ಬಾಗಿಲು ತೆಗೆದೇ ಅದೆ. ಒಳಗೆ ತೊಟ್ಟಿ ಇಲ್ವಲ್ಲ."

"ಇಲ್ಲ ಅಂದ್ರೆ?"

"ನಿಮ್ಮಣ್ಣ ಎತ್ಕೊಂಡೋದ್ರು. ಪಾಂಡುಪುರುಕ್ಕೆ, ನಮ್ಮಪ್ಪನ್ ಮನೆಗೆ. ಅಲ್ಲಿಟ್ರೆ ಯಾರೂ ಅಳೆಯಕ್ಕೆ ಆಗಲ್ಲ ಅಂತ..." ಎಂದು ನಾಲಗೆ ಕಚ್ಚಿಕೊಂಡಳು.

ನನ್ನ ಸಿಟ್ಟು ಎಂಥದ್ದೆಂದು ಊರಿಗೆಲ್ಲ ಗೊತ್ತು. ಅಂಗಳಕ್ಕೆ ಹಾರಿ, ಅಣ್ಣನ ಲೂನಾ ತೆಗೆದು, ಸ್ಟಾರ್ಟ್ ಮಾಡುವಷ್ಟರಲ್ಲಿ ಹಿಂದಿನ ಸೀಟು ಧಡ್ ಎಂದು ಕುಸಿಯಿತು. ತಿರುಗಿ ನೋಡಿದರೆ ಪುಟ್ಟಲಕ್ಷ್ಮಮ್ಮತ್ತೆ ಸೀರೆ ಎತ್ತಿ ಕಟ್ಟಿ ಕೂತಿದ್ದಾಳೆ.

"ಅತ್ತೆ, ನೀನ್ಯಾಕೆ?"

"ನನ್ ಕಾಲ್ದಲ್ಲಿ ನಂಗೆ ಒಂದು ಸೀರೆ, ಒಂದು ಕರು ಕೊಟ್ಟು ಕೈ ತೊಳ್ಕಂಡ್ರು. ನಿಂದಾದ್ರೂ ಕಣ್ಣಾರ ನೋಡ್ಬುಡ್ತೀನಿ. ಓಡ್ಸು ಕಣಮ್ಮಿ!"

ಅವಳು ಏನು ಹೇಳುತ್ತಿದ್ದಾಳೆಂದು ಯೋಚಿಸಲು ವ್ಯವಧಾನವೆಲ್ಲಿ? ಓಡಿಸಿದೆ. ಇಬ್ಬರ ಭಾರಕ್ಕೆ ಲೂನಾ ಏರಿನಲ್ಲಿ ನರಳುತ್ತಿತ್ತು, ಇಳಿಜಾರಿನಲ್ಲಿ ನಾವು ಕಿರುಚುತ್ತಿದ್ದೆವು. ದಾರಿಯಲ್ಲಿ ಕಂಡವರಿಗೆಲ್ಲ ಅತ್ತೆ ಕೈಯೆತ್ತಿ ಕೂಗುತ್ತಿದ್ದಳು. "ಪಾಲು ತರಕ್ಕೆ ಓಯ್ತಾ ಇವ್ನಿ ಕಣ್ರಪ್ಪೋ! ಪಾಲು!" ಗದ್ದೆಯಲ್ಲಿದ್ದ ಹೆಂಗಸರು ಕುಡುಗೋಲು ಎತ್ತಿ ಕೇಕೆ ಹಾಕಿದರು. ಸಮಪಾಲು ಅನ್ನಲು ನಾಲಗೆ ಹೊರಳದೆ ಬರೀ ಪಾಲು ಅಂತಿದ್ದಾಳೇನೋ ಅಂದುಕೊಂಡೆ. ಅಷ್ಟು ಅವಸರದಲ್ಲೂ ನಗು ತಡೆಯಲಾಗುತ್ತಿರಲಿಲ್ಲ. ಚಿನಕುರಳಿ ದಾಟುವ ಹೊತ್ತಿಗೆ ಅತ್ತೆಯ ತುರುಬು ಬಿಚ್ಚಿಹೋಗಿ ಕೂದಲೆಲ್ಲ ಬಾವುಟದ ಹಾಗೆ ಹಿಂದಕ್ಕೆ ಹಾರುತ್ತಿತ್ತು.

ಪಾಂಡವಪುರ ಇನ್ನೂ ಸ್ವಲ್ಪ ದೂರವಿರುವಾಗ ನಾಲೆ ಏರಿಯ ಮೇಲೆ ನಮ್ಮ ಟ್ರಾಕ್ಟರು ನಿಂತಿದ್ದು ಕಂಡಿತು. ಪಕ್ಕದಲ್ಲಿ ತೊಟ್ಟಿ. ತೊಟ್ಟಿಯೊಳಗೆ ಅಣ್ಣ, ಪಂಚೆ ಎತ್ತಿ ಕಟ್ಟಿಕೊಂಡು, ತೆಂಗಿನ ನಾರು ಹಿಡಿದು, ಉಜ್ಜುತ್ತಿದ್ದಾನೆ! ಡೈರಿಯ ಕ್ಯಾನು ತೊಳೆಯುವ ಬ್ಲೀಚಿಂಗ್ ಪುಡಿಯನ್ನು ಬಿರುಕು ಬಿರುಕಿಗೂ ತುಂಬಿ ಉಜ್ಜುತ್ತಿದ್ದಾನೆ. ವಾಸನೆ ದೂರದಿಂದಲೇ ಮೂಗಿಗೆ ಬಡಿಯಿತು.

"ಅಯ್ಯೋ ಪಾಪಿ! ಏನ್ಮಾಡ್ಬುಟ್ಟೆ!"

ಅಣ್ಣ ಬೆಚ್ಚಿ ಎದ್ದು ನಿಂತ. "ಮಾವನ್ ಮನೆಗೆ ಕೊಳಕು ತೊಟ್ಟಿ ತಗೊಂಡೋಗಕ್ಕಾಯ್ತದಾ? ಮಡ್ಡಿ ಮೆತ್ಕೊಂಡಿತ್ತು..."

"ಆ ಮಡ್ಡೀಲೇ ಇದ್ದದ್ದಲ್ವೇನೋ! ಸಾಯಿಸ್ಬುಟ್ಯಲ್ಲೋ! ಒಂದೂ ಬಿಡದೆ ಸಾಯಿಸ್ಬುಟ್ಯಲ್ಲೋ!"

"ಯಾರ್ನ?" ಎಂದ ಅಣ್ಣ. ತೊಟ್ಟಿಯೊಳಗೆ ಬಗ್ಗಿ ನೋಡಿದ.

"ನನ್ನ ಯೀಸ್ಟ್‌ನ! ನನ್ನ ಸಮಪಾಲು! ಅದಕ್ಕೆ ತಾನೇ ಮೈಸೂರಿಂದ ಓಡಿಬಂದದ್ದು!"

ಅತ್ತೆ ಲೂನಾದಿಂದ ಇಳಿದು ಸೊಂಟ ಹಿಡಿದುಕೊಂಡು ನಿಂತಿದ್ದಳು. ಅಣ್ಣ ನಿಧಾನವಾಗಿ, ಒಂದೊಂದೇ ಮಾತು ಜೋಡಿಸಿಕೊಂಡು ಕೇಳಿದ.

"ಸಮಪಾಲು ಅಂದ್ರೆ... ಉಳಾನಾ?"

"ಹುಳ ಅಲ್ಲ, ಯೀಸ್ಟು! ಸಮ ಸಮವಾಗಿ ಒಡೆಯೋ ಯೀಸ್ಟು. ಹೆಸರು ನಾನಿಟ್ಟಿದ್ದು."

"ನಡುವಿಗೆ ಗೋಡೆ ಬರೋದು?"

"ಅದಕ್ಕೇ!"

"ಆ ಪೆಟ್ಟಿಗೆ?"

"ಮೈಕ್ರೋಸ್ಕೋಪು!"

ಅಣ್ಣ ತೊಟ್ಟಿಯೊಳಗೇ ಕುಕ್ಕರಿಸಿ ಕೂತ. ಮೊದಲು ಅಳುತ್ತಿದ್ದಾನೆ ಅಂದುಕೊಂಡೆ. ಆಮೇಲೆ ನೋಡಿದರೆ ನಗು. ಹೊಟ್ಟೆ ಹಿಡಿದುಕೊಂಡು, ಮೈಗೆಲ್ಲ ಬ್ಲೀಚಿಂಗ್ ಪುಡಿ ಬಳಿದುಕೊಂಡು ನಗುತ್ತಿದ್ದಾನೆ. "ಅಪ್ಪ ರಾತ್ರಿಯೆಲ್ಲ ನಿದ್ದೆ ಮಾಡ್ನಿಲ್ಲ ಕಣೆ! ಮನೆ ಮದ್ಯಕ್ಕೆ ಗೋಡೆ ಬಂದ್ರೆ ದೇವ್ರುಮನೆ ಯಾವ ಕಡೆಗೆ ಓಯ್ತದೆ ಅಂತ ಯೋಚ್ನೆ ಮಾಡ್ತಾ ಕೂತಿದ್ರು!" ನನಗೆ ಆಗ ಎಲ್ಲ ಹೊಳೆಯಿತು. ಕೆಂಪಣ್ಣ, ಬಿಳಿ ಶರ್ಟು, ಸಕ್ಕರೆಯಿಲ್ಲದ ಕಾಫಿ, ಎಲ್ಲ. ಸಿಟ್ಟಿನಲ್ಲಿದ್ದವಳಿಗೆ ನಗು ಬಂದುಬಿಟ್ಟರೆ ಅದರಷ್ಟು ಕಷ್ಟ ಇನ್ನೊಂದಿಲ್ಲ. ಕಣ್ಣಲ್ಲಿ ನೀರು ಸುರಿಸಿಕೊಂಡೇ ನಕ್ಕೆ.

ನಗದೆ ಇದ್ದವಳು ಅತ್ತೆ ಒಬ್ಬಳೇ.

"ಒಂದು ಉಳಕ್ಕಾ?" ಎಂದಳು. "ಒಂದು ಉಳಕ್ಕೆ ನನ್ನ ಸೊಂಟ ಮುರುಸ್ದಾ?"

"ಸದ್ಯ!" ಎಂದ ಅಣ್ಣ ಮುಖ ಒರೆಸಿಕೊಳ್ಳುತ್ತ. "ಸದ್ಯ, ಉಳಾನೇ ಆಯ್ತಲ್ಲ ಬುಡು."

ಆ 'ಸದ್ಯ' ನನ್ನ ಮನಸ್ಸಿಗೆ ಚುಚ್ಚಿತು, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ದೊಡ್ಡ ದುಃಖ ಕಣ್ಣೆದುರಿಗೇ ಬೆಳ್ಳಗೆ ತೊಳೆದುಕೊಂಡು ಕೂತಿತ್ತು. ತೊಟ್ಟಿಗೆ ಇಳಿದು ಬಿರುಕು ಬಿರುಕನ್ನೂ ಉಗುರಿನಿಂದ ಕೆದಕಿದೆ. ಏನೂ ಉಳಿದಿರಲಿಲ್ಲ. ಅಣ್ಣನ ಕೆಲಸ ಯಾವತ್ತೂ ಹಾಗೆಯೇ, ಮಾಡಿದರೆ ಅಚ್ಚುಕಟ್ಟು. ಬ್ರೆಡ್ ಯೀಸ್ಟಿಗೆ ಬಂದುಬಿಡಮ್ಮ ಎಂಬ ಮಾತು ಕಿವಿಯಲ್ಲಿ ಗುಂಯ್ ಅನ್ನತೊಡಗಿತು.

ತೊಟ್ಟಿಯನ್ನು ಟ್ರಾಕ್ಟರಿಗೆ ಏರಿಸಿ, ಲೂನಾವನ್ನು ಅದರೊಳಗೆ ಮಲಗಿಸಿ, ಲೂನಾದ ಆಚೆ ಅತ್ತೆ, ಈಚೆ ನಾನು ಕೂತು ಊರಿಗೆ ತಿರುಗಿ ಹೊರಟೆವು. ಹೋಗುವಾಗ ಕೇಕೆ ಹಾಕಿದ್ದ ಹೆಂಗಸರು ಗದ್ದೆಯಿಂದ ಮನೆಗೆ ಹೋಗುತ್ತಿದ್ದರು. ತೊಟ್ಟಿ ನೋಡಿ "ಸಿಕ್ತಾ ಪಾಲು?" ಎಂದು ಕೂಗಿದರು. ಅತ್ತೆ ಬಿಚ್ಚಿದ್ದ ತುರುಬು ಕಟ್ಟಿಕೊಳ್ಳತೊಡಗಿದಳು. ಅವಳ ಮುಖ ನೋಡಿ ನನಗೇ ಏನೋ ಅನ್ನಿಸಿತು. ಹಾಳು ಹುಳದ ಬದಲು ನಿಜವಾಗಿಯೂ ಪಾಲನ್ನೇ ಕೇಳಲು ಬಂದಿದ್ದರೆ ಈ ಹೆಂಗಸು ಎಷ್ಟು ಸಂತೋಷಪಡುತ್ತಿದ್ದಳೋ.

ಮನೆ ಸೇರುವಾಗ ದೀಪ ಹಚ್ಚಿ ಆಗಿತ್ತು. ಅಣ್ಣ ನಡುಮನೆಯಲ್ಲಿ ನಿಂತು ಎಲ್ಲವನ್ನೂ ಅಭಿನಯಿಸಿ ತೋರಿಸಿದ. ಅಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬಿಳಿ ಶರ್ಟಿನ ಗುಂಡಿ ಬಿಚ್ಚಿ ಕುರ್ಚಿಗೆ ಒರಗಿಕೊಂಡು "ಅಬ್ಬಾ ನನ್ ಶಿವನೇ" ಎಂದು ನಿಟ್ಟುಸಿರು ಬಿಟ್ಟರು. ಅತ್ತಿಗೆ "ಪಮ್ಮಿ, ಕಾಫಿ ಕುಡೀತೀಯಾ?" ಎಂದು ಏಕವಚನಕ್ಕೆ ಬಂದಳು, ಸಕ್ಕರೆಯೂ ಬಂತು. ಎಲ್ಲರಿಗೂ ನಿರಾಳ. ನಾನೊಬ್ಬಳು ಮಾತ್ರ ಪೆಟ್ಟಿಗೆಯ ಮೇಲೆ ತಲೆ ಇಟ್ಟುಕೊಂಡು ಕೂತಿದ್ದೆ.

"ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಹೋಗ್ಬೇಕು. ಬರಿಗೈಲಿ ಹೋಗ್ಬೇಕು" ಎಂದೆ.

ಆಗ ಅವ್ವ ಉಗ್ರಾಣದಿಂದ ಹೊರಗೆ ಬಂದಳು. ಕೈಯಲ್ಲಿ ಒಂದು ಸಣ್ಣ ಮಡಕೆ, ಬಾಯಿಗೆ ಬಟ್ಟೆ ಕಟ್ಟಿತ್ತು. ಬಟ್ಟೆಯಂಚಿನಲ್ಲಿ ನೊರೆ ಉಕ್ಕುತ್ತಿತ್ತು. ಆ ವಾಸನೆ ನನ್ನ ಮೂಗಿಗೆ ಗೊತ್ತು! ಎದ್ದು ನಿಂತುಬಿಟ್ಟೆ.

"ಓದ್ ವರ್ಸ ನೀನು ಬಂದು ಅಂಗೆ ಕುಣಿದಾಡ್ಕಂಡು ಯೋಳುದ್ಯಲ್ಲ, ಆವಾಗ ತೊಟ್ಟೀಲಿದ್ದ ಮಡ್ಡೀನ ವಸಿ ಎತ್ತಿಟ್ಟಿದ್ದೆ" ಎಂದಳು ಅವ್ವ. "ಆಗಾಗ ಒಂದ್ ಲೋಟ ಕಬ್ಬಿನ್ ಹಾಲು ಉಯ್ತಾ ಬಂದೆ. ಹೆಪ್ಪು ಅಂದ್ಮ್ಯಾಕೆ ಉಳುಸ್ಕಬೇಕಲ್ಲ."

"ಅವ್ವ! ಹಾಗಾದ್ರೆ ಸಮಪಾಲು ಅಂದ್ರೆ ಏನು ಅಂತ ನಿಂಗೆ..."

"ಕೆಂಪಣ್ಣ ಬಂದು ಯೋಳ್ದಾಗ್ಲೇ ಗೊತ್ತಾಯ್ತು ಕಣ್ ಮಗ."

"ಮತ್ತೆ ಯಾಕೆ ಬಾಯ್ಬುಡ್ಲಿಲ್ಲ?" ಎಂದರು ಅಪ್ಪ, ಕುರ್ಚಿಯಿಂದ ಅರ್ಧ ಎದ್ದು.

"ನೋಡಣ, ಏನ್ ಮಾಡ್ತೀರಿ ಅಂತ. ನೋಡ್ದೆ. ನೀವು ಗೋಡೆ ಅಳತೆ ಮಾಡುದ್ರಿ. ನಿಮ್ ಮಗ ತೊಟ್ಟಿ ಎತ್ಕೊಂಡು ಓಡ್ದ."

ನನಗೆ ಅದೊಂದೂ ಬೇಕಿರಲಿಲ್ಲ. ಎರಡು ಕೈಯನ್ನೂ ಚಾಚಿ ಮಡಕೆಯ ಕಡೆ ಹೋದೆ. ಅವ್ವ ಮಡಕೆಯನ್ನು ಹಿಂದಕ್ಕೆ ಎಳೆದುಕೊಂಡಳು.

"ದೀಪ ಹಚ್ಚಾಗದೆ. ಹೊರಗಿನೋರಿಗೆ ಕೊಡಂಗಿಲ್ಲ."

"ಅವ್ವ, ನಾನು ಕಣೆ!"

"ನೀನು ಸುಮ್ಕಿರು. ನಿನ್ನ ಕೇಳ್ತಾ ಇಲ್ಲ ನಾನು." ಅವಳು ಅಪ್ಪನ ಕಡೆ ತಿರುಗಿದಳು, ಆಮೇಲೆ ಅಣ್ಣನ ಕಡೆ. "ಮನೆಯೋರಿಗಾದ್ರೆ ಈಗ್ಲೂ ಕೊಡ್ಬೋದು. ಹೊರಗಿನೋಳು ಅಂದ್ರೆ ಹೊತ್ತು ಹುಟ್ಟಿದ ಮ್ಯಾಕೆ ಬರಬೇಕು, ಆಟೊತ್ಗೆ ಅವಳ ಬಸ್ಸು ಓಗಿರ್ತದೆ. ಅದುಕ್ಕೇ ಕೇಳ್ತಾ ಇವ್ನಿ. ಇವ್ಳು ಮನೆಯೋಳೋ, ಹೊರಗಿನೋಳೋ? ನಿಮ್ ಬಾಯಲ್ಲೇ ಯೋಳಿ, ಕೊಡ್ತೀನಿ."

ಅವ್ವನ ಕೈಯಲ್ಲಿ ಮಡಕೆಯ ನೊರೆ ಪಟಪಟ ಒಡೆಯುತ್ತಿತ್ತು. ಪುಟ್ಟಲಕ್ಷ್ಮಮ್ಮತ್ತೆ ಎಲೆ ಅಗಿಯುವುದನ್ನು ನಿಲ್ಲಿಸಿದಳು. ಅವ್ವ ಕೇಳುತ್ತಿರುವುದು ಹೆಪ್ಪಿನ ಮಾತಲ್ಲ ಎಂದು ಅಪ್ಪನಿಗೂ ತಿಳಿಯಿತು, ಅಣ್ಣನಿಗೂ ತಿಳಿಯಿತು. ಮನೆಯವಳು ಎಂದರೆ ನಾಳೆ ತಿರುಗಿ ನುಂಗಲು ಆಗದ ಮಾತು. ಹೊರಗಿನವಳು ಎಂದರೆ ನನ್ನ ಓದು ಮುಳುಗಿತು. ಕಮಿಟಿಯ ಮುಂದೆ ಕೂಡ ಆಮೇಲೆ ನಾನು ಅಷ್ಟು ಹೆದರಲಿಲ್ಲ.

ಅಣ್ಣ ತನ್ನ ಕೈ ನೋಡಿಕೊಂಡ. ಬ್ಲೀಚಿಂಗ್ ಪುಡಿಗೆ ಬೆರಳ ತುದಿಯೆಲ್ಲ ಬೆಳ್ಳಗೆ ಸುಕ್ಕುಗಟ್ಟಿದ್ದವು.

"ಮನೆಯೋಳೇ ಕಣವ್ವ" ಎಂದ. ಧ್ವನಿ ಸಣ್ಣಗಿತ್ತು, ಆದರೆ ಎಲ್ಲರಿಗೂ ಕೇಳಿಸಿತು. "ಕೊಡು ಅವ್ಳಿಗೆ."

ಅವ್ವ ಇನ್ನೂ ಅಪ್ಪನನ್ನೇ ನೋಡುತ್ತಿದ್ದಳು.

"ನನ್ನೇನ್ ಕೇಳೀಯೇ?" ಎಂದು ಅಪ್ಪ ರೇಗಿದರು. "ಹುಟ್ಟುದಾಗಿಂದ ಮನೆಯೋಳೇ. ಈಗೇನು ಹೊಸುದಾಗಿ!" ರೇಗಿದ ಮೇಲೆ ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡರು.

ಮಡಕೆ ನನ್ನ ಕೈಗೆ ಬಂತು. ನೊರೆಯಲ್ಲಿ ಒಂದು ತೊಟ್ಟು ತೆಗೆದು ಗಾಜಿನ ಮೇಲಿಟ್ಟೆ. ಅಣ್ಣ ಬ್ಯಾಟರಿಯ ಬೆಳಕು ಹಿಡಿದ. ಮೊದಮೊದಲು ಕಂಡಿದ್ದೆಲ್ಲ ಮೊಗ್ಗು ಬಿಡುವ ಮಾಮೂಲಿ ಯೀಸ್ಟುಗಳೇ. ಗಾಜನ್ನು ಕೂದಲೆಳೆಯಷ್ಟು ಸರಿಸಿದೆ. ಅಲ್ಲಿತ್ತು! ಕಡ್ಡಿಯ ಹಾಗೆ ಉದ್ದಕ್ಕೆ, ನಡುವಿಗೆ ತೆಳ್ಳನೆಯ ಗೋಡೆ ಕಟ್ಟಿಕೊಂಡು, ನನ್ನ ಬಂಗಾರ, ನನ್ನ ಸಮಪಾಲು! ಪಕ್ಕದಲ್ಲೇ ಇನ್ನೊಂದು, ಮತ್ತೊಂದು. ನಾನು ಕಿರುಚಿದ್ದಕ್ಕೆ ಕೊಟ್ಟಿಗೆಯ ಹಸುಗಳು ಎದ್ದು ನಿಂತವು. ಅತ್ತಿಗೆಯನ್ನು ತಬ್ಬಿಕೊಂಡು ಗಿರಗಿರ ತಿರುಗಿಸಿದೆ, ಕಾಫಿಯ ಲೋಟ ಉರುಳಿ ಅಣ್ಣನ ಕಾಲ ಮೇಲೆ ಬಿತ್ತು, ಅವನೂ ಕುಣಿದ.

"ಸರಿ ಅತ್ಲಾಗೆ. ನಾನೂ ನೋಡ್ಬೇಕು" ಎಂದರು ಅಪ್ಪ.

ಒಂದು ಕಣ್ಣು ಮುಚ್ಚಿ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಗೋಡೆ ಪೂರ್ತಿಯಾಗಿದ್ದ ಒಂದನ್ನು ನಾನು ನಡುವಿಗೆ ಇಟ್ಟಿದ್ದೆ. ಅದು ಇನ್ನೇನು ಬಿಡುವ ಹೊತ್ತು. ಅಪ್ಪನ ಬೆನ್ನು ನೋವು ನಮಗೆಲ್ಲ ಗೊತ್ತು, ಆದರೂ ಅಲ್ಲಾಡಲಿಲ್ಲ.

"ಬುಟ್ತು!" ಎಂದು ಕೂಗಿದರು ಇದ್ದಕ್ಕಿದ್ದಂತೆ. "ಬುಟ್ತು ಕಣೆ, ಎರಡಾಯ್ತು! ಅಲ್ಲ ಮಗ, ಎರಡೂ ಒಂದೇ ಸಮ ಅವೆ. ಇದ್ರಲ್ಲಿ ಅಣ್ಣ ಯಾವ್ದು, ತಂಗಿ ಯಾವ್ದು?"

"ಗೊತ್ತಾಗಲ್ಲಪ್ಪ. ಯಾರಿಗೂ ಗೊತ್ತಾಗಲ್ಲ."

"ಊಂ" ಎಂದರು. ಮತ್ತೆ ಬಗ್ಗಿ ನೋಡಿದರು. ಆಮೇಲೆ ಕಣ್ಣು ತೆಗೆಯದೆಯೇ ಅಣ್ಣನಿಗೆ ಹೇಳಿದರು. "ಬೆಳಿಗ್ಗೆ ಇವ್ಳನ್ನ ಬಸ್ಸತ್ಸುಬುಟ್ಟು ಅಂಗೇ ಪೇಟೆಗೆ ಓಗು. ತಾಲ್ಲೂಕಾಪೀಸ್ನಲ್ಲಿ ಆಲೆಮನೆಗೆ ಇವ್ಳ ಹೆಸರ್ನೂ ಸೇರ್ಸಕ್ಕೆ ಏನ್ ಮಾಡ್ಬೇಕು ಕೇಳ್ಕೊಂಡ್ ಬಾ."

ಅಣ್ಣ ಬ್ಯಾಟರಿಯನ್ನು ಕೆಳಗಿಡದೆ "ಆಯ್ತು" ಎಂದ. ಈ ಸಲ 'ಸದ್ಯ' ಅನ್ನಲಿಲ್ಲ. ಪುಟ್ಟಲಕ್ಷ್ಮಮ್ಮತ್ತೆ ಚಾಪೆಯ ಮೇಲೆ ಕಾಲು ಚಾಚಿ, ಸೊಂಟ ನೀವಿಕೊಳ್ಳುತ್ತ, ಅತ್ತಿಗೆಗೆ "ನಂಗೂ ಒಂದ್ ಲೋಟ ಕಾಫಿ ತಾ ಕಣಮ್ಮಿ, ಸಕ್ಕರೆ ಜಾಸ್ತಿ ಆಕು" ಎಂದಳು.

ಬೆಳಗ್ಗೆ ಬಸ್ಸು ಬರುವ ಮುಂಚೆ ಕೆಂಪಣ್ಣನ ಅಂಗಡಿಯ ಬಾಗಿಲು ಬಡಿದು ಎಬ್ಬಿಸಿ, ಹೊತ್ತು ಹುಟ್ಟಿದ ಮೇಲೆ ನಾಗರಾಜು ಸರ್ ಮನೆಗೆ ಒಂದು ಫೋನು ಮಾಡಿ ತಿಳಿಸು ಎಂದು ನಂಬರು ಕೊಟ್ಟೆ. ಮಡಕೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಪೊಂಬೆ, ಮಡ್ಡಿ, ಯೀಸ್ಟು ಎಲ್ಲವನ್ನೂ ಕೆಂಪಣ್ಣನಿಗೆ ಬಿಡಿಸಿ ಹೇಳಿದ್ದೆ, ಎರಡೆರಡು ಸಲ. ಅವನು ಅದೆಲ್ಲ ಬಿಟ್ಟು ತನಗೆ ತಿಳಿದದ್ದನ್ನು ಮಾತ್ರ ಹೇಳಿದನಂತೆ. ನಾನು ಲ್ಯಾಬಿಗೆ ಕಾಲಿಟ್ಟಾಗ ಸರ್ ಕನ್ನಡಕ ಒರೆಸುತ್ತಿರಲಿಲ್ಲ, ನಗುತ್ತಿದ್ದರು.

"ನಿಮ್ಮೂರಿಂದ ಫೋನ್ ಬಂದಿತ್ತಮ್ಮ. 'ಪ್ರಮೀಳಾಗೆ ಸಮಪಾಲು ಸಿಕ್ತು ಸಾ, ಮನೆಯೋರೇ ಒಪ್ಪಿ ಕೊಟ್ರು' ಅಂದ. ಹಾಗಂದ್ರೆ ಏನು?"

ನಾನು ಮಡಕೆಯನ್ನು ಮೇಜಿನ ಮೇಲಿಟ್ಟೆ. ಈ ಸಲ ಕೆಂಪಣ್ಣ ಒಂದಕ್ಷರವನ್ನೂ ತಪ್ಪು ಹೇಳಿರಲಿಲ್ಲ.